ಹಿಡಿತ ಬಿಟ್ಟ ಪ್ರೋಟೀನು

ನರರೋಗ ವಿಭಾಗದ ಹೊರಗೆ ನನ್ನ ಮುಂದಿನ ಬೆಂಚಿನಲ್ಲಿ ಅಕ್ಕ ತಮ್ಮ ಕೂತಿದ್ದರು. ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಅವರಪ್ಪ ಎದುರು ಗೋಡೆಯ ಫಲಕದ ಅಕ್ಷರಗಳ ಮೇಲೆ ಬೆರಳಾಡಿಸುತ್ತ ನಿಂತಿದ್ದರು.

"ಡಾಕ್ಟರು ಏನಂದ್ರು? ಬಿಡಿಸಿ ಹೇಳಕ್ಕ."

"ಮಿದುಳಿನ ನರದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿರ್ತವಂತೆ. ನರಕ್ಕೆ ಬೇಕಾದ್ದೆಲ್ಲ ಅವುಗಳ ಮೇಲೇ ಸಾಗಬೇಕು. ಅವು ಕುಸಿಯದ ಹಾಗೆ ಹಿಡಿದಿಡೋಕೆ ಒಂದು ಪ್ರೋಟೀನ್ ಇರತ್ತೆ. ಅಪ್ಪಂಗೆ ಅದೇ ಕೆಟ್ಟಿದೆ."

"ಕೆಟ್ಟಿದೆ ಅಂದ್ರೆ?"

"ಹಿಡಿತ ಬಿಟ್ಟು ಗಂಟುಗಂಟಾಗಿದೆ. ಕೊಳವೆಗಳು ಕುಸೀತಿವೆ."

"ಔಷಧಿ?"

"ಸದ್ಯಕ್ಕೆ ಇಲ್ವಂತೆ."

"ಐವತ್ತೆರಡಕ್ಕೇ ಯಾಕೆ ಬಂತು?"

"ಅಜ್ಜಂಗೂ ಹೀಗೇ ಆಗಿತ್ತಲ್ಲ. ಎಲ್ಲರೂ ಹುಚ್ಚು ಅಂತಿದ್ರು. ವಂಶದಲ್ಲೇ ಇದೆಯಂತೆ."

"ಅದಕ್ಕೇನಾ ನಮ್ಮಿಬ್ಬರ ರಕ್ತ ತಗೊಂಡಿದ್ದು?"

"ಹೂಂ. ರಿಪೋರ್ಟ್ ಬಂದಿದೆ. ಬೇಕು ಅಂದವರಿಗೆ ಮಾತ್ರ ಹೇಳ್ತಾರೆ."

"ನಂಗೆ ಬೇಡ. ಮುಂದಿನ ತಿಂಗಳು ಮಗು ಹುಟ್ಟತ್ತೆ. ಈಗ ಗೊತ್ತಾಗಿ ನಾನೇನು ಮಾಡ್ಲಿ?"

"ಬೇಡ ಬಿಡು. ಯಾರೂ ಬಲವಂತ ಮಾಡಲ್ಲ."

"ನೀನು ಕೇಳಿದ್ಯಾ?"

"ನಿನ್ನೆ ಕೇಳ್ದೆ."

ಅವನು ಅಕ್ಕನ ಕಡೆ ತಿರುಗಿದ. ಅವಳೇ ಹೇಳಿದಳು.

"ಇದೆ ಕಣೋ, ನಂಗೆ."

ನರ್ಸು ಬಾಗಿಲಿಗೆ ಬಂದು ಅವರ ನಂಬರು ಕೂಗಿದಳು. ತಮ್ಮ ಏಳಲಿಲ್ಲ.

"ಏಳು, ಮುಖ ಒರೆಸ್ಕೊ," ಎಂದಳು ಅಕ್ಕ. "ಅಪ್ಪಂಗೆ ಇನ್ನೂ ಒಂದೊಂದ್ಸಲ ಎಲ್ಲ ಅರ್ಥ ಆಗತ್ತೆ. ನೀನು ಅತ್ತಿದ್ದು ಕಂಡ್ರೆ, ತನ್ನಿಂದ್ಲೇ ನಂಗೆ ಬಂತು ಅಂತ ಕೊರಗ್ತಾರೆ."

ಇಬ್ಬರೂ ಆ ಕಡೆ ಈ ಕಡೆ ತೋಳು ಹಿಡಿದು ಅಪ್ಪನನ್ನು ಒಳಗೆ ಕರೆದೊಯ್ದರು.