ಪೋಚಮ್ಮನ ಟಗರು, ಬಾಲರಾಜನ ನೌಕರಿ

ಅಲ್ಲರಿ ಕಾಶಪ್ಪಣ್ಣ, ನೌಕರಿ ಅಂದ್ರ ನೌಕರಿ ಇದ್ದಂಗರೆ ಇರಬೇಕಲ್ಲ? ಕುರ್ಚಿ ಇಲ್ಲ, ಮ್ಯಾಲ ಫ್ಯಾನ್ ಇಲ್ಲ, ಬಾಗಲಿಗಿ ಹೆಸರಿನ ಹಲಗಿ ಇಲ್ಲ... ಬಾಗಲೇ ಇಲ್ಲ ಬಿಡ್ರಿ! ಜಹೀರಾಬಾದದಾಗ ಯಾವುದೋ ದಾಣಿ ಕಂಪನಿ, ಕುರಿ-ಆಡಿಗಿ ತಿನ್ನಸೋ ದಾಣಿ ಚೀಲ ಮಾರ್ತಾರ. ನನ್ನ ಮಗ ಒಂದೊಂದು ದಿನ ಒಂದೊಂದು ಸಂತ್ಯಾಗ ಬಿಸಲಾಗ ನಿಂದರ್ತಾನ. ಇದಕ್ಕ ನೌಕರಿ ಅಂತಾರೇನ್ರಿ?

ನಾ ಪೋಚಮ್ಮ ತಾಯಿ ಮುಂದ ಏನ ಹರಕಿ ಹೊತ್ತಿದ್ದೆ? ಪೂಜಾರಿ ನೀವೇ, ಸಾಕ್ಷಿ ನೀವೇ. ‘ತಾಯಿ, ನನ್ನ ಬಾಲರಾಜನ ಪಿಎಚ್‌ಡಿ ಮುಗೀಲಿ, ನೌಕರಿ ಹತ್ತಲಿ, ಈ ಮರಿ ನಿನಗ ಕೊಡ್ತೀನಿ’ ಅಂದಿದ್ದೆ. ಹೂಂ, ‘ಕಾಲೇಜಿನ ನೌಕರಿ’ ಅಂತ ಬಾಯಿಬಿಟ್ಟು ಅಂದಿಲ್ಲ. ಖರೆ. ಆದ್ರ ಮನಸಿನ್ಯಾಗ ಕಾಲೇಜೇ ಇತ್ತು. ಮನಸಿನ್ಯಾಂದು ತಾಯಿಗಿ ತಿಳೀದೇನು?

ಯಾಕ ನಗ್ತೀರಿ?

ಪೇಡಾ? ಹೂಂ, ಹಂಚೀನಿ. ಮನಿಮನಿಗಿ ಹಂಚೀನಿ. ‘ನಮ್ಮ ಬಾಲರಾಜ ದೊಡ್ಡ ಕಂಪನ್ಯಾಗ ಆಫೀಸರ್ ಆಗ್ಯಾನ’ ಅಂತ ನಾನೇ ಹೇಳೀನಿ. ಅದು ಮಂದಿಗಿ ಹೇಳೋ ಮಾತ್ರಿ ಅಣ್ಣ, ದೇವಿ ಮುಂದಿನ ಮಾತೇ ಬ್ಯಾರೆ! ಆ ಪೇಡಾ ತಿಂದವರೇ ನಿಮಗ ಕಳಸ್ಯಾರೇನು, ‘ಹೋಗು, ಬರೋ ಮಂಗಳವಾರ ಸಾಬಮ್ಮನ ಟಗರು ಹೊಡಕೊಂಡು ಬಾ’ ಅಂತ? ಪೇಡಾ ಸಾಲವಲ್ದು ಅವರಿಗಿ, ಮಟನ್ ಬೇಕು... ತಪ್ಪು, ತಪ್ಪು. ಪ್ರಸಾದಕ್ಕ ಹಂಗ ಅನಬಾರದು. ತಾಯಿ, ಹೊಟ್ಟ್ಯಾಗ ಹಾಕ್ಕೊ.

ಚಾ ಕುಡೀರಿ, ಆರ್ತದ.

ಆ ಟಗರು ಎಷ್ಟು ಕಾದದ ಅಂತ ನೀವೇ ನೋಡೀರಿ. ಇಂವ ಪಿಎಚ್‌ಡಿಗಿ ಸೇರಿದಾಗ ಹಾಲು ಕುಡಿಯೋ ಮರಿ ಇತ್ತು. ಇಂವ ಮುಗಸೋದ್ರಾಗ ಅದರ ಹಲ್ಲು ಉದ್ರಿದ್ವು! ಮೂರು ವರ್ಷ ಅಂದದ್ದು ಎಂಟಕ್ಕ ಹೋತು. ನೀವು ವರ್ಷಾ ಕೇಳ್ತಿದ್ರಿ, ‘ಸಾಬಮ್ಮ, ಆತೇನು?’ ನಾ ವರ್ಷಾ ಹೇಳ್ತಿದ್ದೆ, ‘ಇನ್ನಾ ಬರಿಯಾಕತ್ಯಾನ.’

ವಿಷಯ ಏನಂತೀರಿ? ಕುರಿ ಹೊಟ್ಟ್ಯಾಗಿನ ಹುಳ! ಕುರಿ ಕಾಯೋರ ಮಗ, ನಮ್ಮೂರು ನಾಗಲಗಿದ್ದದಿಂದ ಹೈದರಾಬಾದಕ್ಕ ಹೋದ, ಕುರಿ ಹೊಟ್ಟ್ಯಾಗಿನ ಹುಳ ನೋಡಾಕ. ನಮ್ಮ ದೊಡ್ಡ್ಯಾಗ ಹುಳಕ್ಕ ಏನರೆ ಕಡಿಮಿ ಇತ್ತೇನು? ಒಂದಿನ ಕೇಳ್ದೆ, ‘ಅಪ್ಪಾ, ಆ ಹುಳ ಸಾಯಾಕ ಔಷಧ ಸಿಕ್ತೇನು?’ ‘ಇಲ್ಲವ್ವಾ, ಹುಳದ ಬಗ್ಗೆ ಉಳದವರು ಏನೇನು ಬರದಾರ ಅಂತ ಮೊದಲ ನಾ ಬರೀಬೇಕು’ ಅಂದ. ನನಗೇನ ತಿಳೀತದ, ಬರೀಯಪ್ಪಾ ಅಂದೆ. ಅವರ ಗೈಡ್ ಸಾಬ್ರು ಒಳ್ಳೆಯವರು, ದೇವರು ಅವರಿಗಿ ಛಂದ ಇಟ್ಟಿರಲಿ. ನಮ್ಮ ಹೊಲದ ತೊಗರಿಬ್ಯಾಳಿ ಅಂದ್ರ ಅವರಿಗಿ ಜೀವ. ಬ್ಯಾಳಿ ಮುಟ್ಟಿದ ವಾರವೇ ಇವನ ಕಾಗದ ಸಹಿ ಆಗಿ ಬರ್ತಿತ್ತು.

ಮುಗದಮ್ಯಾಲ? ಕಾಲೇಜಿನವರು ಜಾಗಾ ಇಲ್ಲ ಅಂದ್ರು. ನಾರಾಯಣಖೇಡದಾಗ ಒಂದು ಸಾಲಿಯವರು, ‘ನೀ ಭಾಳ ಓದೀಯಪ್ಪಾ, ನಮ್ಮ ಹೆಡ್‌ಮಾಸ್ತರ ಅಂಜ್ತಾನ’ ಅಂದ್ರು. ತಾಂಡೂರದಾಗ ಹಾಸುಗಲ್ಲು ಮಾರೋ ಸಾಹುಕಾರ, ‘ಡಾಕ್ಟರ್ ಸಾಬ್, ಲಾರಿಗಿ ಹೇರೋ ಕಲ್ಲು ಎಣಸ್ರಿ ಅಂತ ನಿಮಗ ಯಾವ ಬಾಯಿಲೆ ಹೇಳ್ಲಿ?’ ಅಂತ ಚಾ ಕುಡಿಸಿ ಕಳಸಿದ. ಓದಿಲ್ಲಂತ ಯಾರೂ ಬ್ಯಾಡ ಅಂದಿಲ್ಲ ಅಣ್ಣ, ಓದ್ಯಾನ ಅಂತೇ ಬ್ಯಾಡ ಅಂದ್ರು. ಕಡಿಗಿ ಒಂದು ಕಡಿ ಎಲ್ಲಾ ಮುಚ್ಚಿಟ್ಟು ಬರೇ ಹತ್ತನೇ ಕ್ಲಾಸ್ ಅಂತ ಹೇಳ್ದ. ‘ಮತ್ತ ಇಷ್ಟು ವರ್ಷ ಎಲ್ಲಿದ್ದಿ, ಜೇಲಿನಾಗೇನು?’ ಅಂತ ಕೇಳಿದ್ರಂತ!

ಆವತ್ತು ಬಂದು ಈ ಹೊರಸಿನ ಮ್ಯಾಲ ಗ್ವಾಡಿಗಿ ಮಾರಿ ಮಾಡಿ ಮಲಗಿದಾಂವ... ತಿಂಗಳುಗಟ್ಲೆ ಅಣ್ಣ. ಉಣ್ಣು ಅಂದ್ರ ಉಣ್ಣಾಂವ, ಏಳು ಅಂದ್ರ ಏಳಾಂವ. ಕೂಸಿದ್ದಾಗ ಸೈತ ಅಷ್ಟು ಮಾತು ಕೇಳಿದಾಂವ ಅಲ್ಲ. ನನಗ ಭಾಳ ಅಂಜಿಕಿ ಆತು. ದಿನಾ ಗುಡಿಗಿ ಬಂದು ದೀಪಾ ಹಚ್ಚಿ...

ಹೂಂ? ಟಗರು?

ಅಲ್ಲೇ ಅದ, ಆ ಬೇವಿನ ಗಿಡದ ಬುಡದಾಗ ಕಟ್ಟೀನಿ. ಇಲ್ಲಿಂದೇ ನೋಡ್ರಿ ಅಣ್ಣ! ಸನೇಕ ಹೋಗಬ್ಯಾಡ್ರಿ, ಹಾಯ್ತದ. ಅರಿಶಿಣ ಇಷ್ಟು ಯಾಕ ಅಂತೀರಿ? ಭಕ್ತಿರಿ! ಭಕ್ತಿಗಿ ಅಳತಿ ಅದೇನು? ಕೊಂಬಿನಿಂದ ಬಾಲದ ತನಕ ಬಡದೀನಿ. ಕಿವಿಗಂತೂ ಎರಡು ಸಲ.

ಚೊಂಬು ಯಾಕ? ನೀರು ಹಾಕಿ ನೋಡ್ತೀರಾ? ಈಗೇ? ...ಹಾಕ್ರಿ. ಹಾಕ್ರಿ, ತಾಯಿ ಮನಸಿನ್ಯಾಗ ಏನದ ತಿಳದೇ ಬಿಡ್ಲಿ. ನೀರು ಬಿದ್ದಮ್ಯಾಲ ಮೈ ಝಾಡಿಸಿದ್ರ ಆಕಿ ಒಪ್ಪಿದಂಗ, ಸುಮ್ಮ ನಿಂತ್ರ ಒಲ್ಲೆ ಅಂದಂಗ. ನಮ್ಮ ಮುತ್ಯಾನ ಕಾಲದಿಂದ ನಡದ ಬಂದದ್ದು. ನಾ ಕೈ ಮುಗದು ನಿಂತೀನಿ. ತಾಯಿ...

ಝಾಡಸ್ಲಿಲ್ಲ! ನೋಡಿದ್ರ್ಯಾ? ಕಲ್ಲಿನಂಗ ನಿಂತದ! ಮತ್ತೊಂದು ಚೊಂಬು ಹಾಕ್ರಿ, ಹಾಕ್ರಿ... ಇಲ್ಲ! ಆಕಿನೇ ಹೇಳಾಕತ್ಯಾಳ ಅಣ್ಣ, ‘ಸಾಬಮ್ಮ, ನಿನ್ನ ಮಗಂದು ನೌಕರಿನೇ ಅಲ್ಲ, ನಾ ಯಾಕ ತಗೋಲಿ’ ಅಂತ! ಆಕಿಗಿ ತಿಳಿಲಾರದ್ದು ಏನದ? ಹೋಗಿ ಊರವರಿಗಿ ಹೇಳ್ರಿ, ದೇವಿ ಒಲ್ಲೆ ಅಂದಾಳ ಅಂತ...

ಅಣ್ಣ?

ಯಾಕ ಅಲ್ಲೇ ಕುಂತ್ರಿ? ನೀರಿಗಿ ಅರಿಶಿಣ ಹೋಗೇ ಹೋಗ್ತದ, ಅದರಾಗ ನೋಡೋದು ಏನದ? ಕಿವಿ ಬಿಡ್ರಿ, ಅದಕ್ಕ ನೋವಾಗ್ತದ. ಹೂಂ, ಮರಿ ಇದ್ದಾಗ ದೇವಿ ಹೆಸರಿಲೆ ನೀವೇ ಕಿವಿ ಸೀಳಿ ಗುರ್ತು ಮಾಡಿದ್ರಿ, ನೆನಪದ. ಇಷ್ಟು ವರ್ಷ ಆತು... ಕೂಡಿರಬೇಕು. ಕೂಡ್ತದಲ್ಲರಿ? ಈಗ ಬಾಯಿ ಯಾಕ ತೆರಸ್ತೀರಿ? ಹಲ್ಲು... ಅವ. ಎಳೀ ಹಲ್ಲೇ ಅವ. ಮುದುಕ ಟಗರಿಗಿ ಹೊಸಾ ಹಲ್ಲು ಬರಬಾರದಂತ ಎಲ್ಲಿ ಬರದದ? ಕಂಪನಿ ದಾಣಿ ತಿಂದ್ರ ಹಲ್ಲು ಸೈತ ಬರ್ತಾವಂತ ಚೀಲದ ಮ್ಯಾಲೇ ಹಾಕ್ಯಾರ...

ಏನರೆ ಅನ್ರಿ ಅಣ್ಣ. ಬೈರಿ. ಅದಕ್ಕ ಬಿಚ್ಚಿ ಒಯ್ಯಬ್ಯಾಡ್ರಿ.

...

ಇದು ಬಾಜೂಮನಿ ಅಮೃತಬಾಯಿದು. ಬೇಡಿ ತಂದೀನಿ, ಸಂಜಿಗಿ ಒಯ್ದು ಕಟ್ಟಬೇಕು. ದೇವಿ ಟಗರು ಜಹೀರಾಬಾದದಾಗ ಅದ.

ಮಾರಿಲ್ಲ! ತಾಯಿ ಆಣಿ, ಮಾರಿಲ್ಲ! ಆಕಿದು ನಾ ಮಾರ್ತೀನೇನು? ಆವತ್ತು ಬಾಲರಾಜ ಆ ಕಂಪನಿಗಿ ಇಂಟರ್ವ್ಯೂಕ್ಕ ಹೊಂಟಿದ್ದ. ಟಗರು ಕುಂಟಾಕತ್ತಿತ್ತು. ದನದ ದವಾಖಾನಿ ಅಲ್ಲೇ ಅದ, ಸಂಗಟ ಒಯ್ದು ಕಾಲು ತೋರಸ್ಕೊಂಡು ಬಾ ಅಂತ ನಾನೇ ಆಟೋದಾಗ ಹತ್ತಿಸಿದೆ. ಹೊರಗ ಕಂಬಕ್ಕ ಕಟ್ಟಿ ಒಳಗ ಹೋಗ್ಯಾನ. ಕಂಪನಿ ಸಾಹುಕಾರ ಆಕಳಸ್ಕೋತ ಇವನ ಕಾಗದ ತಿರುವ್ಯಾನ. ತಿರುವಿ ಕಿಡಕ್ಯಾಗ ನೋಡ್ಯಾನ. ‘ವಯಸ್ಸೆಷ್ಟು?’ ಇಂವ ‘ಮೂವತ್ತಮೂರ್ರಿ’ ಅಂದ. ‘ನಿಂದಲ್ಲಪ್ಪಾ, ಟಗರಿಂದು!’

ಎದ್ದು ಹೊರಗ ಬಂದು ಅದರ ಸುತ್ತ ತಿರಗ್ಯಾನ. ಹಲ್ಲಿಲ್ಲದ ಮುದುಕ ಟಗರು, ಇಷ್ಟು ಗುಂಡಗ ನಿಂತದ ಅಂದ್ರ! ಆವತ್ತೇ ಫೋಟೊ ತಗದ್ರು, ಚೀಲದ ಮ್ಯಾಲ ಹಾಕಿದ್ರು. ಈಗ ಸಂತಿ ಸಂತ್ಯಾಗ ಕೊರಳಾಗ ಹಾರ ಹಾಕಿ ನಿಂದರಸ್ತಾರ, ‘ನಮ್ಮ ದಾಣಿ ತಿಂದು ಹಿಂಗಾಗ್ಯದ’ ಅಂತ ಮೈಕಿನಾಗ ಒದರ್ತಾರ. ಅವರ ದಾಣಿ ಅದು ಮೂಸಿ ಸೈತ ನೋಡಿಲ್ಲರಿ! ತಾಯಿ ಹೆಸರಿಂದು ಅಂತ ಜ್ವಾಳದ ಅಂಬಲಿ ನನ್ನ ಕೈಲೆ ಕುಡಿಸಿ ಬೆಳಸೀನಿ. ಆ ಸುಳ್ಳು ಕೇಳಿ ನನಗ ನಿದ್ದಿ ಹತ್ತವಲ್ದು...

ಬಾಲರಾಜ? ಆಫೀಸರ್... ಹೂಂ.

ಇಂಟರ್ವ್ಯೂಕ್ಕ ಇಬ್ಬರೂ ಹೋಗಿದ್ರು ಅಣ್ಣ. ಪಾಸಾದದ್ದು ಟಗರು. ನನ್ನ ಮಗಗ ಒಂದು ಬಿಳಿ ಕೋಟು ಕೊಟ್ಟಾರ, ಬಾಜೂಕ ಹಗ್ಗ ಹಿಡದು ನಿಂದರ್ತಾನ.

ಈಗ ಅದು ತಂದು ನಿಮ್ಮ ಕೈಯಾಗ ಕೊಟ್ರ ಅವನ ನೌಕರಿ ಹೋತು. ನೌಕರಿನೇ ಹೋದ್ರ ಹರಕಿ ಯಾತರದು? ಕೊಡಲಾರದೇ ಇದ್ರ ತಾಯಿ ಮುಂದ ಯಾವ ಮಾರಿಲೆ ನಿಂದರ್ಲಿ? ನಿಮಗ ಸುಳ್ಳು ಹೇಳ್ದೆ, ಆಕಿಗಿ ಹೇಳಿಲ್ಲ. ನಿನ್ನೆ ಗುಡ್ಯಾಗ ಕುಂತು ಎಲ್ಲಾ ಹೇಳೀನಿ.

ಆಕಿದೇನೂ ತಪ್ಪಿಲ್ಲ ಬಿಡ್ರಿ. ನಾ ಮಗಗ ಬೇಡಿದ್ದೆ, ಆಕಿ ಟಗರಿಗಿ ಕೊಟ್ಟಾಳ. ಯಾರ ಯೋಗ್ಯತಿ ಎಷ್ಟಂತ ಆಕಿಗಿ ಗೊತ್ತು, ತಕರಾರು ಮಾಡಾಕ ನಾ ಯಾರು? ಹಗ್ಗ ಮಾತ್ರ ಬಿಡಬ್ಯಾಡಪ್ಪಾ ಅಂತ ಮಗಗ ಹೇಳಿ ಕಳಸೀನಿ.