ಇನ್ನೂರ ಹದಿನೈದನೆಯ ಹೂವು

ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ ಮೇಯರ್ ಒಕುಮುರಾ ಅವರೇ, ಈ ಗ್ರಂಥಾಲಯವನ್ನು ಮನೆಯಂತೆ ನೋಡಿಕೊಳ್ಳುತ್ತಿರುವ ಕುಗಾ ಅವರೇ, ಬಹುಮಾನ ಹೊತ್ತು ಟೋಕಿಯೊದಿಂದ ಬಂದಿರುವ ತೀರ್ಪುಗಾರರೇ, ನುನೊಸಾಕಿಯ ಸಭಿಕರೇ, ಹಾಗೂ ಕೊನೆಯ ಸಾಲಿನಲ್ಲಿ ಟೋಪಿಯನ್ನೂ ತೆಗೆಯದೆ ಕುಳಿತಿರುವವರೇ,

ನಾನು ಹಿಬಿನೊ ತೊಶಿಯೆ. ಇದೇ ಊರಿನವಳು. ಮೂವತ್ತೈದು ವರ್ಷಗಳಿಂದ ಬೆಳಕನ್ನು ಎಲ್ಲಿಡಬೇಕು, ಎಲ್ಲಿ ಇಡಬಾರದು ಎಂದು ಯೋಚಿಸಿ ಹೊಟ್ಟೆ ಹೊರೆದುಕೊಂಡಿದ್ದೇನೆ. ಅಂಥವಳಿಗೆ ನೀವು ಇಂದು ಸನ್ಮಾನ ಮಾಡುತ್ತಿದ್ದೀರಿ. ನನ್ನ ಗೋಡೆಯ ಫೋಟೊಗಳನ್ನು ತೆರೆಯ ಮೇಲೆ ತೋರಿಸುವುದಕ್ಕೆಂದು ಆ ಗೋಡೆಗೇ ಪರದೆ ಎಳೆದಿದ್ದೀರಿ. ಮದುಮಗಳನ್ನು ಹೊರಗೆ ನಿಲ್ಲಿಸಿ ಮದುವೆ ಮಾಡಿದ ಹಾಗಾಯಿತು. ಇರಲಿ, ಕೋಪವಿಲ್ಲ. ಸ್ವಲ್ಪ ಹೊತ್ತು ಹಾಗೇ ಇರಲಿ.

ಈ ಗೋಡೆಯನ್ನು ಹೊಸ ಕಾಲದ ಬೆಳಕಿನ ಕಲೆ ಎಂದು ತೀರ್ಪುಗಾರರು ಹೊಗಳಿದ್ದಾರೆ. ಹೊರಗೆ ಗಾಜು, ಒಳಗೆ ಕಾಗದ. ಕಾಗದದ ಮೇಲೆ ಅಲ್ಲಲ್ಲಿ ಹೂವಿನ ಆಕಾರದ ಇನ್ನೊಂದು ಪದರ. ಬಿಸಿಲು ಒಂದು ಪದರ ದಾಟಿದರೆ ಹಾಲಿನ ಬಣ್ಣ, ಎರಡು ಪದರ ದಾಟಿದರೆ ಜೇನಿನ ಬಣ್ಣ. ಹೊತ್ತು ಇಳಿಯುತ್ತ ಹೋದಂತೆ ಹೂಗಳು ಗೋಡೆಯಿಂದ ನೆಲಕ್ಕೆ ಇಳಿದು, ಓದುವವರ ಪುಟಗಳ ಮೇಲೆ ಹಾದು, ಮಕ್ಕಳ ಕಾಲ್ಚೀಲಗಳವರೆಗೆ ತೇಲಿ ಬರುತ್ತವೆ. ಮೋಡ ಮುಚ್ಚಿದ ದಿನ ಅಂಚಿನಲ್ಲಿರುವ ಪುಟ್ಟ ದೀಪಗಳು ಸದ್ದಿಲ್ಲದೆ ಸೂರ್ಯನ ಪಾಳಿ ಮಾಡುತ್ತವೆ. ಇಲ್ಲಿ ಓದುತ್ತ ಕುಳಿತವರಿಗೆ ಹಿತವಾಗಿ ನಿದ್ದೆ ಬರುತ್ತದೆ ಎಂದು ಕುಗಾ ಅವರು ದೂರು ಕೊಟ್ಟಿದ್ದಾರೆ. ನನ್ನ ಮಟ್ಟಿಗೆ ಅದೇ ದೊಡ್ಡ ಬಹುಮಾನ.

ಇದೆಲ್ಲ ಹೊಳೆದದ್ದು ಎಲ್ಲಿ? ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರವೂ ನಿಮ್ಮ ಕೈಯಲ್ಲಿರುವ ಕರಪತ್ರದಲ್ಲಿ ಅಚ್ಚಾಗಿದೆ: ವಿಮಾನದ ಕಿಟಕಿಯಿಂದ ಮೋಡಗಳ ನೆರಳನ್ನು ನೋಡುತ್ತಿದ್ದಾಗ. ಒಂಬತ್ತು ವರ್ಷಗಳಿಂದ ಇದನ್ನೇ ಹೇಳುತ್ತ ಬಂದಿದ್ದೇನೆ. ಕೇಳಲು ಚೆನ್ನಾಗಿದೆ, ಅಲ್ಲವೇ?

ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಕ್ಷಮಿಸಿ. ನಮ್ಮದು ಶೋಜಿ ಬಾಗಿಲುಗಳ ಮರದ ಚೌಕಟ್ಟಿಗೆ ಕಾಗದ ಅಂಟಿಸುವ ಮನೆ. ಡಿಸೆಂಬರ್ ಕೊನೆಯಲ್ಲಿ ಹಳೆಯ ಕಾಗದ ಕಿತ್ತು ಹೊಸದು ಹಾಕುವ ಮುನ್ನ ಮಕ್ಕಳಿಗೆ ಸಿಗುವ ಸುಖ ನಿಮಗೆಲ್ಲ ಗೊತ್ತು. ವರ್ಷವಿಡೀ ಬೆರಳು ತಾಗಿಸಿದರೆ ಬೈಯುವ ಅಮ್ಮನೇ ಅಂದು ‘ಹೂಂ, ಚುಚ್ಚಿ’ ಎನ್ನುತ್ತಾಳೆ. ಆಗ ನನಗೆ ಆರು ವರ್ಷ. ಮನೆಯ ಬಾಗಿಲುಗಳನ್ನೆಲ್ಲ ಚುಚ್ಚಿ ಮುಗಿಸಿದೆ. ಆಸೆ ಮುಗಿಯಲಿಲ್ಲ. ಅಪ್ಪನ ಕೆಲಸದ ಕೋಣೆಗೆ ಹೋದೆ. ಅಲ್ಲಿ ಬಿಸಿನೀರಿನ ಬುಗ್ಗೆಯ ಹತ್ತಿರದ ಛತ್ರಕ್ಕೆ ಹೋಗಬೇಕಾದ ಆರು ಬಾಗಿಲುಗಳು ಆಗಷ್ಟೇ ಒಣಗಿ ಬಿಗಿಯಾಗಿ ನಿಂತಿದ್ದವು. ಬೆರಳು ಹೋದಾಗ ಅವು ಎಷ್ಟು ಚೆನ್ನಾಗಿ ಸದ್ದು ಮಾಡಿದವು! ಒಟ್ಟು ಹದಿನಾಲ್ಕು ತೂತು.

ಅಪ್ಪ ಬಂದು ನೋಡಿದರು. ಕಾಗದ ಮುಗಿದಿತ್ತು, ಕಾಗದ ಮಾಡುವವರು ಹೊಸವರ್ಷಕ್ಕೆಂದು ಬಾಗಿಲು ಹಾಕಿದ್ದರು, ಛತ್ರದ ಯಜಮಾನಿ ಮರುದಿನ ಬೆಳಿಗ್ಗೆ ಬರುವವರಿದ್ದರು. ನಾನು ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಹನ್ನೊಂದು ವರ್ಷದ ನನ್ನ ಅಣ್ಣ ಮೊರಿಹಿಕೊ ಮುಂದೆ ಬಂದು, “ನಾನೇ ಅಪ್ಪ ಚುಚ್ಚಿದ್ದು” ಅಂದ.

“ಚುಚ್ಚಿದವನೇ ಮುಚ್ಚು” ಅಂದರು ಅಪ್ಪ.

ಅಣ್ಣ ಚೂರು ಕಾಗದಗಳನ್ನು ಆರಿಸಿಕೊಂಡು ಹೂವು ಕತ್ತರಿಸಿ ಒಂದೊಂದೇ ತೂತಿಗೆ ಅಂಟಿಸಲು ಕುಳಿತ. ಅಳತೆ ಇಲ್ಲ, ಗೆರೆ ಇಲ್ಲ. ನಾಲ್ಕು ದಳ ಕತ್ತರಿಸುವ ಹೊತ್ತಿಗೆ ಐದನೆಯದಕ್ಕೆ ಜಾಗ ಹೆಚ್ಚು ಉಳಿಯುತ್ತಿತ್ತು. ಹದಿನಾಲ್ಕು ಹೂಗಳಲ್ಲೂ ಐದನೆಯ ದಳ ದೊಡ್ಡದು. ಮರುದಿನ ಬಿಸಿಲು ಬಂದಾಗ ಅವು ಬೆಳಕಿನ ಹೂಗಳಾಗಿ ಚಾಪೆಯ ಮೇಲೆ ಬಿದ್ದವು. ಅಪ್ಪ ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳುತ್ತಿದ್ದರು. ಯಜಮಾನಿಗೆ ಅದು ಕೇಳಿಸಿದಂತೆಯೇ ಇರಲಿಲ್ಲ. ಆಕೆ ಹೂಗಳ ನಡುವೆ ಕುಳಿತು, ತನ್ನ ಅಂಗೈಯನ್ನು ಒಂದರ ಕೆಳಗೆ ಹಿಡಿದು, “ಇದನ್ನ ಹೀಗೇ ಬಿಡಿ” ಅಂದರು.

ನಾನು ಅಣ್ಣನ ಪಕ್ಕದಲ್ಲೇ ಇದ್ದೆ. ಎಲ್ಲವನ್ನೂ ಕಂಡೆ.

ಒಂಬತ್ತು ವರ್ಷದ ಹಿಂದೆ ನನ್ನ ಮೊದಲ ಹೂವಿನ ಗೋಡೆ ಒಂದು ಹೋಟೆಲಿನಲ್ಲಿ ಎದ್ದಾಗ ಪತ್ರಿಕೆಯವರು ಇದು ಎಲ್ಲಿಂದ ಹೊಳೆಯಿತು ಎಂದು ಕೇಳಿದರು. ಕಾಗದ ಅಂಟಿಸುವವರ ಮಗಳು ಎನ್ನಲು ನನಗೆ ನಾಚಿಕೆಯಾಯಿತು. ವಿಮಾನ ಅಂದುಬಿಟ್ಟೆ. ಅಣ್ಣ ಅದನ್ನು ಕ್ಷೌರದಂಗಡಿಯಲ್ಲಿ ಓದಿದನಂತೆ. ಅಂದೇ ಫೋನ್ ಮಾಡಿದ.

“ತೊಶಿ, ವಿಮಾನ ಚೆನ್ನಾಗಿತ್ತೇನೆ?”

ಅಷ್ಟೇ. ಇಟ್ಟುಬಿಟ್ಟ. ಆಮೇಲೆ ನಾವು ಮಾತಾಡಿಲ್ಲ. ನಾನೂ ಮಾಡಲಿಲ್ಲ, ಅವನೂ ಮಾಡಲಿಲ್ಲ. ಡಿಸೆಂಬರ್ ಬಂದಾಗಲೆಲ್ಲ ನನ್ನ ಬೆರಳು ಮಾತ್ರ ತುಸು ನೋಯುತ್ತಿತ್ತು.

ಈ ಗೋಡೆಯ ನಕ್ಷೆ ಕಳಿಸಿದಾಗ ಎಂಜಿನಿಯರ್ ಒಬ್ಬರು, ಮೇಡಂ, ಐದನೆಯ ದಳ ತಪ್ಪಾಗಿದೆ, ಸರಿಮಾಡಲೇ ಎಂದು ಕೇಳಿದರು. ಮುಟ್ಟಬೇಡಿ ಎಂದು ಗದರಿಸಿದೆ. ಆ ದೊಡ್ಡ ದಳದಿಂದಲೇ ಬೆಳಕಿಗೆ ಉಸಿರು ಬಂದಿದೆ ಎಂದು ತೀರ್ಪುಗಾರರು ಬರೆದಿದ್ದಾರೆ. ಓದಿ ಹಿಗ್ಗಿದೆ. ಅಂದು ಸಂಜೆ ಊಟ ಸೇರಲಿಲ್ಲ.

ಮೂರು ವಾರದ ಹಿಂದೆ ಯಾವುದೋ ಮಗು ಈ ಗೋಡೆಗೆ ಬೆರಳು ಹಾಕಿತು. ಆ ಮಗುವನ್ನು ಬೈಯಲು ಈ ಸಭೆಯಲ್ಲಿ ನನಗಿಂತ ಅಯೋಗ್ಯರು ಇನ್ನಾರೂ ಇಲ್ಲ. ಯಾರೂ ಮುಟ್ಟಬೇಡಿ, ಕಾರ್ಖಾನೆಯಿಂದ ಹೊಸದನ್ನು ತರಿಸುತ್ತೇನೆ, ಎರಡು ತಿಂಗಳು ಬೇಕು ಎಂದು ಫೋನಿನಲ್ಲೇ ಹೇಳಿದೆ. ಇಂದು ಬೆಳಿಗ್ಗೆ ಬಂದು ನೋಡಿದರೆ ತೂತು ಇಲ್ಲ. ಕುಗಾ ಅವರು ಅಂಜುತ್ತಲೇ ಹೇಳಿದರು: ಯಾರೋ ವಯಸ್ಸಾದವರು ಬಟ್ಟಲಲ್ಲಿ ಅಂಟು ತಂದಿದ್ದರಂತೆ. ಯಾರನ್ನೂ ಕೇಳಲಿಲ್ಲವಂತೆ. ಅಂಟಿಸಿ, ಒಣಗುವವರೆಗೆ ಪೇಪರ್ ಓದುತ್ತ ಕೂತು, ಎದ್ದು ಹೋದರಂತೆ. ಟೋಪಿ ತೆಗೆಯಲೇ ಇಲ್ಲವಂತೆ.

ಈಗ ಗಂಟೆ ಮೂರಾಗಿದೆ. ಕುಗಾ ಅವರೇ, ದಯವಿಟ್ಟು ಆ ಪರದೆ ಸರಿಸಿ. ದೀಪಗಳನ್ನೂ ಆರಿಸಿ.

ನೋಡಿ, ಬಂದವು. ನಿಮ್ಮ ಮಡಿಲ ಮೇಲೆ, ಹೆಗಲ ಮೇಲೆ. ಮೇಯರ್ ಅವರ ತಲೆಯ ಮೇಲೂ ಒಂದು. ನನ್ನ ನಕ್ಷೆಯಲ್ಲಿರುವುದು ಇನ್ನೂರ ಹದಿನಾಲ್ಕು. ಇಲ್ಲಿ ಇನ್ನೂರ ಹದಿನೈದು ಇವೆ. ಯಾವುದು ಹೆಚ್ಚಿನದು ಎಂದು ಹುಡುಕಬೇಡಿ. ಬೆಳಿಗ್ಗೆಯಿಂದ ಹುಡುಕಿ ನಾನೇ ಸೋತಿದ್ದೇನೆ. ಎಲ್ಲವೂ ಒಂದೇ ಕೈಯವು, ಮತ್ತು ಆ ಕೈ ನನ್ನದಲ್ಲ.

ಬಹುಮಾನದ ಫಲಕದ ಮೇಲೆ ನಮ್ಮ ಮನೆತನದ ಹೆಸರು ಹಿಬಿನೊ ಎಂದು ಕೆತ್ತಿಸಿದ್ದೀರಿ. ಅದು ಸರಿಯಾಗಿಯೇ ಇದೆ. ಮುಂದಿನ ಹೆಸರನ್ನು ಮಾತ್ರ ಬದಲಿಸಿಕೊಡಿ. ಅಲ್ಲಿಯವರೆಗೆ ಇದನ್ನು ನಾನು ಮುಟ್ಟಲಾರೆ.

ಅಣ್ಣಾ, ವಿಮಾನದಲ್ಲಿ ನಾನು ಏನೂ ನೋಡಲಿಲ್ಲ ಕಣೋ. ನಿದ್ದೆ ಮಾಡಿದ್ದೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ. ಪರದೆ ಸರಿಸಿದವರಿಗೂ, ಗೋಡೆ ಚುಚ್ಚಿದ ಆ ಮಗುವಿಗೂ, ಈಗ ಟೋಪಿ ತೆಗೆದವರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.