ಒರಗು ಕುರ್ಚಿ ಯಾರಿಗೆ?

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಈ ಒರಗು ಕುರ್ಚಿಯನ್ನು ಲಿಫ್ಟ್ ಕೆಟ್ಟಿದ್ದರೂ ಮೇಲಕ್ಕೆ ಹೊತ್ತು ತಂದ ಸಹೋದ್ಯೋಗಿಗಳೇ, ಮೊದಲ ಸಾಲಿನಲ್ಲಿ ಕೂತು ನನ್ನನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನೋಡುತ್ತಿರುವ ನನ್ನ ಹೆಂಡತಿಯೇ, ಹಾಗೂ ಸಭಿಕರೇ,

ಬೆಳಿಗ್ಗೆ ಇವಳು, "ಆಫೀಸಲ್ಲಿ ನಿಮಗೊಂದು ಸಮಾರಂಭ ಇದೆ, ಇಸ್ತ್ರಿ ಶರ್ಟ್ ಹಾಕ್ಕೊಳ್ಳಿ" ಅಂದಾಗ ನಾನು ಹಿಗ್ಗಿಹೋದೆ. ಕಾಯಿಲೆಯಿಂದ ಎದ್ದುಬಂದ ಸರ್ವೇಯರನಿಗೆ ಸ್ವಾಗತ ಅಂದುಕೊಂಡೆ. ಒಳಗೆ ಬಂದು ತಲೆಯೆತ್ತಿದರೆ ಬ್ಯಾನರಿನಲ್ಲಿ 'ಬೀಳ್ಕೊಡುಗೆ' ಅಂತಿದೆ. ಸ್ವಾಮಿ, ನಾನು ಎಲ್ಲಿಗೆ ಹೊರಟಿದ್ದೇನೆ? ಹೊರಡುವವನಿಗೇ ಗೊತ್ತಿಲ್ಲದ ಬೀಳ್ಕೊಡುಗೆಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಅಧ್ಯಕ್ಷರು ಈಗಷ್ಟೇ ನನ್ನ ಮನೋಬಲವನ್ನು ಹೊಗಳಿದರು. ಕ್ಷಮಿಸಿ, ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹೊಳೆದಂಡೆಯ ಜಮೀನು ಅಳೆಯುವಾಗ ಎಳ್ಳುಕಾಳಿನಷ್ಟಿದ್ದ ಉಣುಗೊಂದು ಹುಲ್ಲಿನಿಂದ ಹತ್ತಿ, ಕತ್ತಿನ ಹಿಂದೆ ಕೂತು, ರಕ್ತ ಹೀರಿ, ಬದಲಿಗೆ ಒಂದು ಪರೋಪಜೀವಿಯನ್ನು ಒಳಗೆ ಬಿಟ್ಟುಹೋಯಿತು. ಮೊದಲ ಡಾಕ್ಟರು ಮಲೇರಿಯಾ ಅಂದರು. ಎರಡನೆಯವರು ಎಲ್ಲ ಮನಸ್ಸಿನದ್ದು ಅಂದರು. ನೋಡಲು ಬಂದ ನೀವೆಲ್ಲ ಏನಂದಿರಿ? ಕೆಲಸ ತಪ್ಪಿಸಿಕೊಳ್ಳಲು ನೆಪ ಎಂದು ನಮ್ಮ ಮನೆ ಮೆಟ್ಟಿಲ ಮೇಲೇ ಆಡಿಕೊಂಡಿರಿ. ಜ್ವರ ಬಂದದ್ದು ನನ್ನ ಮೈಗೆ, ಕಿವಿಗಲ್ಲ.

ಮಾತ್ರೆ ನುಂಗಿದರೆ ಹೋಗುತ್ತಿತ್ತು. ಹೋಯಿತೆಂದು ಬೂಟು ಹಾಕಿಕೊಂಡರೆ ಮತ್ತೆ ಬರುತ್ತಿತ್ತು. ಚಳಿ, ಬೆವರು, ಸ್ನಾನದ ಮನೆಗೆ ಹೋಗಿಬಂದರೆ ಏದುಸಿರು. ರಕ್ತವನ್ನು ಮತ್ತೆ ಮತ್ತೆ ನೋಡಿ ಆ ಪರೋಪಜೀವಿಯನ್ನು ಹಿಡಿದವರು ಮೂರನೆಯ ಡಾಕ್ಟರು. ಕೊಂದದ್ದು ತಿಂಗಳುಗಟ್ಟಲೆ ಕುಡಿದ ಕಹಿ ಔಷಧಿ. ಮನೋಬಲಕ್ಕೆ ಹೆದರಿ ಸತ್ತ ಒಂದೇ ಒಂದು ಪರೋಪಜೀವಿಯನ್ನು ತೋರಿಸಿ, ಈ ಕುರ್ಚಿಯಲ್ಲಿ ಈಗಲೇ ಕಾಲು ಚಾಚಿ ಕೂರುತ್ತೇನೆ. ಈಗ ರಕ್ತದಲ್ಲಿ ಅದರ ಸುಳಿವಿಲ್ಲ, ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರೇ ಹೇಳಿದ್ದಾರೆ. ಹಾಗಿದ್ದ ಮೇಲೆ ನನ್ನನ್ನು ನಿವೃತ್ತಿ ಮಾಡಿಸಲು ಹೊರಟವರು ಯಾರು?

ಹೊಗಳಿಕೆಯ ಭರದಲ್ಲಿ ಅದನ್ನೂ ಅಧ್ಯಕ್ಷರೇ ಹೇಳಿಬಿಟ್ಟರು. ಕಳೆದ ಸಲ ಜ್ವರ ಮರಳಿದಾಗ ಇವಳು ಅವರ ಮನೆಗೆ ಹೋಗಿ, ನಾನೇ ಹೇಳಿಕಳಿಸಿದ್ದೇನೆ ಎಂದು ಸುಳ್ಳು ಹೇಳಿ, ನನ್ನನ್ನು ಕೆಲಸದಿಂದ ಬಿಟ್ಟುಕೊಡಿ ಎಂದು ಕೇಳಿದಳಂತೆ. "ನಿಮ್ಮ ಕೆಲಸಕ್ಕೆ ಬೇರೆಯವರು ಸಿಗ್ತಾರೆ ಸಾರ್. ನನಗೆ ಇವರೊಬ್ಬರೇ" ಅಂದಳಂತೆ. ಇನ್ನು ನಾನು ಸಹಿ ಹಾಕಿ ಒಪ್ಪುವುದೊಂದೇ ಬಾಕಿಯಂತೆ.

ಒಪ್ಪುವುದಿಲ್ಲ. ನನಗೆ ಸಿಟ್ಟು ಬಂದಿದೆ. ನನ್ನನ್ನು ಒಂದು ಮಾತು ಕೇಳಬೇಕಿತ್ತು. ಯಾವಾಗ ಕೇಳಬೇಕಿತ್ತು ಅನ್ನುತ್ತೀರಾ? ನಾನು ಕಣ್ಣು ಬಿಟ್ಟಾಗಲೆಲ್ಲ ಇವಳು ಅಲ್ಲೇ ಇದ್ದಳಲ್ಲ, ಹಾಸಿಗೆಯ ಪಕ್ಕ, ಅಡುಗೆಮನೆಯ ಸ್ಟೂಲಿನ ಮೇಲೆ. ಬೆನ್ನಿಗೆ ಆನಿಕೆಯಿಲ್ಲದ ಸ್ಟೂಲು ಅದು. ಅದರ ಮೇಲೆ ಒಂದು ವರ್ಷ ಕೂತಿದ್ದಾಳೆ. ಇದು ನನ್ನ ತಲೆಗೆ ಹೊಳೆದದ್ದು ಈ ಕುರ್ಚಿಯನ್ನು ಕಂಡ ಮೇಲೆ.

ಆದ್ದರಿಂದ ಸಭಿಕರೇ, ಕುರ್ಚಿಯನ್ನು ಸ್ವೀಕರಿಸುತ್ತೇನೆ, ಬೀಳ್ಕೊಡುಗೆಯನ್ನಲ್ಲ. ಕುರ್ಚಿ ಅವಳಿಗೆ. ಹೊತ್ತು ತಂದವರೇ ದಯವಿಟ್ಟು ಕೆಳಗಿಳಿಸಿಕೊಡಿ.

ಏ, ಇತ್ತ ನೋಡು. ನಾಳೆ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡೇ ಹುಲ್ಲಿಗೆ ಇಳೀತೀನಿ. ಸಂಜೆ ಬಂದು ಆ ಕುರ್ಚಿ ಮುಂದೆ ನೆಲದ ಮೇಲೆ ಕೂತ್ಕೋತೀನಿ. ಕತ್ತಿನ ಹಿಂದೆ ನೀನೇ ನೋಡು. ನನಗೆ ಕಾಣಿಸಲ್ಲ.

ತಾಳ್ಮೆಯಿಂದ ಕೇಳಿದ ಎಲ್ಲರಿಗೂ ವಂದನೆಗಳು. ಬೆಳಿಗ್ಗೆ ಆಫೀಸಿನಲ್ಲಿ ಸಿಗೋಣ. ನಮಸ್ಕಾರ.